ಕೌದಿಯ ಪರೀಕ್ಷೆ

ಯಲಬುರ್ಗಾ
೧೨ ಜನವರಿ ೧೯೮೬, ಭಾನುವಾರ

ಕೌದಿ ಜೋಳದ ಚೀಲಗಳ ಹಿಂದೆ ಸಿಕ್ಕಿತು. ಅವ್ವನೇ ಬಚ್ಚಿಟ್ಟಿದ್ದಾಳೆ.

ಹುಬ್ಬಳ್ಳಿಯ ಡಾಕ್ಟರು ಅವಳ ಕಾಯಿಲೆಯ ಹೆಸರು ಆಲ್ಝೈಮರ್ ಎಂದಿದ್ದರು. ಮೆದುಳು ರೂಢಿಯಿಂದ ಹೊಸ ದಾರಿ ಮಾಡಿಕೊಳ್ಳುತ್ತದೆ, ಆದರೆ ಈ ಕಾಯಿಲೆ ಆ ಶಕ್ತಿಯನ್ನೇ ತಿನ್ನುತ್ತದೆ ಎಂದೂ ಹೇಳಿದ್ದರು. ನಾನು ಹೊಸ ದಾರಿಯ ಮಾತನ್ನಷ್ಟೇ ಹಿಡಿದುಕೊಂಡು ಬಂದೆ. ಮೂರು ತಿಂಗಳಿಂದ ದಿನಾ ಸಂಜೆ, ಅವ್ವ ತಾನೇ ಹೊಲಿದ ಕೌದಿಯ ಒಂದೊಂದು ತುಂಡಿನ ಮೇಲೂ ಬೆರಳಿಟ್ಟು ಕೇಳಿದೆ: ಇದು ಯಾರ ಸೀರೆ? ಇದು ಯಾರ ಕುಪ್ಪಸ? ನಾನು ಯಾರು? ಅವಳ ನೆನಪಿನಲ್ಲಿ ಒಂದೂ ಉಳಿಯಲಿಲ್ಲ.

ಅವ್ವ ಕೌದಿಯನ್ನು ಏಕೆ ಬಚ್ಚಿಟ್ಟಳೆಂದು ತಮ್ಮನ ಹೆಂಡತಿ ನೀಲವ್ವನನ್ನು ಕೇಳಿದೆ. ಅವಳು ಮೊದಲು ನಕ್ಕಳು, ಆಮೇಲೆ ಸೆರಗಿನಿಂದ ಕಣ್ಣೊರೆಸಿಕೊಂಡಳು.

“ಹೊತ್ತು ಮುಳುಗಾಕ ಬಂತಂದ್ರ ಅತ್ತಿ ಹೆದರ್ತಾರ್ರಿ ಅಕ್ಕಾರ. ‘ಆ ಕೇಳಾಕಿ ಬರ್ತಾಳ, ನನಗ ಜ್ವರ ಬಂದಾವ ಅಂತ ಹೇಳವ್ವಾ’ ಅಂತಾರ.”

ಅಂದರೆ ಅವ್ವ ಕಲಿತಿದ್ದಾಳೆ. ಅವಳ ಮೆದುಳಿನಲ್ಲಿ ನಾನು ನಿಜವಾಗಿಯೂ ಒಂದು ಹೊಸ ದಾರಿ ಮಾಡಿದ್ದೇನೆ. ಅದು ನನಗೆ ಹೆದರುವ ದಾರಿ. ಅವಳಿಗಾಗಿ ಕೇಳುತ್ತಿದ್ದೆನೋ, ಅವಳ ಬಾಯಲ್ಲಿ ನನ್ನ ಹೆಸರು ಬರಲೆಂಬ ಆಸೆಗೋ?

ಇವತ್ತು ಏನೂ ಕೇಳಲಿಲ್ಲ. ಕೌದಿ ಕೊಡವಿ ಅವಳ ಕಾಲಿಗೆ ಹೊದಿಸಿ ದೂರ ನಿಂತೆ. ಅವ್ವ ಬಾಗಿಲ ಕಡೆ ನೋಡಿದಳು, ನನ್ನನ್ನು ನೋಡಿದಳು, ಮೆಲ್ಲಗೆ ಸರಿದು ಜಾಗ ಮಾಡಿದಳು.

“ಬಾ, ಥಂಡಿ ಐತಿ, ಕುಂದ್ರು. ಆಕಿ ಇವತ್ತ ಬಂದಿಲ್ಲ.”

“ಇನ್ನ ಬರಂಗಿಲ್ಲ ಬಿಡಬೇ” ಎನ್ನುತ್ತ ಪಕ್ಕದಲ್ಲಿ ಕೂತೆ. ಕೌದಿಯೊಳಗೆ ಅವಳ ಪಾದ ತಣ್ಣಗಿತ್ತು.