ಬಾಗಿಲು ಮುಚ್ಚಿದೆ ಎನ್ನುವ ಉಕ್ಕಿನ ನಾಲಿಗೆ

ಕಾರ್ಖಾನೆಗಳ ಸುರಕ್ಷತಾ ತಪಾಸಣಾಧಿಕಾರಿಗಳಿಗೆ,

ಮಾನ್ಯರೇ,

ಇಂಥ ಬಹಿರಂಗ ಪತ್ರಗಳನ್ನು ಸಾಮಾನ್ಯವಾಗಿ ಸಾವಾದ ಮೇಲೆ ಬರೆಯುತ್ತಾರೆ. ನಮ್ಮಲ್ಲಿ ಇನ್ನೂ ಯಾರೂ ಸತ್ತಿಲ್ಲ. ನನ್ನ ಆತುರಕ್ಕೆ ಕ್ಷಮೆಯಿರಲಿ. ದೂರು ಇಷ್ಟು: ನಾನು ಅಪ್ರೆಂಟಿಸ್ ಆಗಿ ಸೇರಿರುವ ಕಾರ್ಖಾನೆಯಲ್ಲಿ ಹೊಸಬರಿಗೆ ಕೊಡುವ ಮೊದಲ ಸ್ವತಂತ್ರ ಕೆಲಸವೆಂದರೆ, ಯಂತ್ರದ ಕಾವಲಿಗೆ ಮೋಸ ಮಾಡುವ ಒಂದು ಉಕ್ಕಿನ ತುಂಡನ್ನು ತಯಾರಿಸುವುದು. ಈಗ ನನ್ನ ಸರದಿ ಬಂದಿದೆ. ನಾನು ಮಾಡಿಕೊಡಬೇಕಾದ ತುಂಡು ನನ್ನ ಒಡಹುಟ್ಟಿದ ಅಣ್ಣ ನಿಂತು ದುಡಿಯುವ ಲೇಥಿಗೆ.

ನಿಮಗೆ ಇದೆಲ್ಲ ಗೊತ್ತಿರಬೇಕು. ಆದರೂ ಓದುವ ಉಳಿದವರಿಗಾಗಿ ಹೇಳುತ್ತೇನೆ. ನಮ್ಮದು ಸೂಕ್ಷ್ಮ ಅಳತೆಯ ಬಿಡಿಭಾಗಗಳನ್ನು ಕಡೆಯುವ ಕಾರ್ಖಾನೆ. ಕಂಪ್ಯೂಟರ್ ನಡೆಸುವ ಲೇಥ್ ಒಂದು ದೊಡ್ಡ ಕಬ್ಬಿಣದ ಪೆಟ್ಟಿಗೆಯಂತಿರುತ್ತದೆ. ಒಳಗೆ ಚಕ್ ಎಂಬ ಹಿಡಿಕೆ ಉಕ್ಕಿನ ತುಂಡನ್ನು ಮೂರು ಹಲ್ಲಿನಲ್ಲಿ ಕಚ್ಚಿ ಹಿಡಿದು, ಕಣ್ಣು ಹಿಡಿಯಲಾರದಷ್ಟು ವೇಗವಾಗಿ ತಿರುಗಿಸುತ್ತದೆ. ಎದುರಿಗೆ ಸರಿಸುವ ಬಾಗಿಲು. ಬಾಗಿಲಿನ ಅಂಚಿನಲ್ಲಿ ಬೆರಳುದ್ದದ ಒಂದು ಲೋಹದ ಪಟ್ಟಿ. ಅದಕ್ಕೆ ನಾವು ನಾಲಿಗೆ ಎನ್ನುತ್ತೇವೆ. ಬಾಗಿಲು ಮುಚ್ಚಿದಾಗ ಈ ನಾಲಿಗೆ ಚೌಕಟ್ಟಿನಲ್ಲಿರುವ ಸ್ವಿಚ್ಚಿನ ಬಾಯೊಳಗೆ ಹೋಗಿ, ‘ಮುಚ್ಚಿದೆ, ತಿರುಗಬಹುದು’ ಎಂದು ಯಂತ್ರಕ್ಕೆ ಹೇಳುತ್ತದೆ. ಬಾಗಿಲು ತೆರೆದರೆ ನಾಲಿಗೆ ಹೊರಬರುತ್ತದೆ, ಯಂತ್ರ ನಿಲ್ಲುತ್ತದೆ. ಅದೇ ಅಳತೆಯ ಇನ್ನೊಂದು ನಾಲಿಗೆ ಮಾಡಿ ಆ ಬಾಯಿಗೆ ತುರುಕಿಟ್ಟರೆ? ಬಾಗಿಲು ಹಾರುಹೊಡೆದಿದ್ದರೂ ಯಂತ್ರ ಮುಚ್ಚಿದೆ ಎಂದೇ ನಂಬಿ ತಿರುಗುತ್ತದೆ. ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ ಎಂದು ಹಿರಿಯರು ಬೈಯುತ್ತಿದ್ದರು. ಅವರು ಉಕ್ಕಿನ ನಾಲಿಗೆಯನ್ನು ನೋಡಿರಲಿಲ್ಲ. ಅದು ಹೊರಳುವುದೇ ಇಲ್ಲ. ಒಂದೇ ಸುಳ್ಳನ್ನು ಪಾಳಿಯಿಂದ ಪಾಳಿಗೆ ಉಸಿರು ತೆಗೆದುಕೊಳ್ಳದೆ ಹೇಳುತ್ತದೆ.

ಯಾಕೆ ತುರುಕುತ್ತಾರೆ ಎಂದು ನೀವು ಕೇಳಬೇಕಿತ್ತು. ಕೇಳಲಿಲ್ಲ, ಆದ್ದರಿಂದ ನಾನೇ ಹೇಳುತ್ತೇನೆ. ಲೋಹ ಕಾಯದಿರಲೆಂದು ಒಳಗೆ ಚಿಮ್ಮುವ ಹಾಲುಬಣ್ಣದ ಕೂಲಂಟ್ ಬಡಿದೂ ಬಡಿದೂ ಬಾಗಿಲಿನ ಕಿಟಕಿ ಪೊರೆ ಬಂದ ಕಣ್ಣಿನಂತಾಗಿದೆ. ಒಳಗೇನಾಗುತ್ತಿದೆ ಎಂದು ನೋಡಬೇಕಾದರೆ ತೆರೆಯಲೇಬೇಕು. ತೆರೆದರೆ ಯಂತ್ರ ನಿಲ್ಲುತ್ತದೆ, ನಿಂತರೆ ಟಾರ್ಗೆಟ್ ತಪ್ಪುತ್ತದೆ. ಟಾರ್ಗೆಟ್ ಹಾಕುವವರ ಲೆಕ್ಕದಲ್ಲಿ ಬಾಗಿಲು ತೆರೆದು ಮುಚ್ಚುವುದಕ್ಕೆ ಸಮಯ ಇಟ್ಟಿಲ್ಲ. ಅವರ ಪ್ರಕಾರ ಬಾಗಿಲೆಂಬುದೇ ಇಲ್ಲ. ಹೊಸ ಕಿಟಕಿ ಹಾಕಿಸುವುದಕ್ಕಿಂತ ಹಳೆಯ ಸುಳ್ಳನ್ನೇ ಹೇಳಿಸುವುದು ಸಲೀಸು.

ನಮಗೆ ಕಲಿಸುವವರನ್ನು ಎಲ್ಲರೂ ಕೂದಲೆಳೆ ಮೇಷ್ಟ್ರು ಎನ್ನುತ್ತಾರೆ. ತಲೆ ಪೂರ್ತಿ ಬೋಳು, ಆದರೆ ಅಳೆಯುವುದೆಲ್ಲ ಕೂದಲಿನಲ್ಲೇ. ‘ಅರ್ಧ ಕೂದಲು ತೆಗಿ’, ‘ಕಾಲು ಕೂದಲು ಜಾಸ್ತಿ ಹೋಯ್ತು, ಎಸಿ ಅತ್ಲಾಗೆ’. ‘ಕೂದಲೆಳೆ ಅಂತರದಲ್ಲಿ ಪಾರು’ ಎಂದು ಪತ್ರಿಕೆಯಲ್ಲಿ ಓದಿ ನೀವು ನಿಟ್ಟುಸಿರು ಬಿಡುತ್ತೀರಿ. ನಮ್ಮ ಕಸುಬಿನಲ್ಲಿ ಕೂದಲೆಳೆಯಷ್ಟು ತಪ್ಪಿದ ತುಂಡಿನ ಜಾಗ ಕಸದ ಡಬ್ಬಿ. ಈ ಕಸುಬಿಗೆ ನಾನು ಇಷ್ಟಪಟ್ಟೇ ಬಂದವಳು. ಯಂತ್ರ ಹುಟ್ಟಿದ್ದು ಮನುಷ್ಯನ ಬೆನ್ನ ಮೇಲಿನ ಭಾರ ಇಳಿಸಲು ಎಂದು ಬಸ್ ನಿಲ್ದಾಣದಲ್ಲಿ ಸಿಕ್ಕ ಒಂದು ಕರಪತ್ರದಲ್ಲಿ ಓದಿ ನಂಬಿದ್ದೆ. ಈಗಲೂ ನಂಬುತ್ತೇನೆ.

ಉಜ್ಜುವುದು, ಅಳೆಯುವುದು, ಮತ್ತೆ ಉಜ್ಜುವುದು ಎಲ್ಲ ಕಲಿತಾದ ಮೇಲೆ ಒಂದು ಬೆಳಗ್ಗೆ ಮೇಷ್ಟ್ರು ನನ್ನ ಕೈಗೆ ಡ್ರಾಯಿಂಗ್ ಕೊಟ್ಟರು. ಅದರ ಮೇಲೆ ಹೆಸರಿರಲಿಲ್ಲ, ಬರೀ ಅಳತೆ.

“ಇದು ಯಾವುದಕ್ಕೆ ಸರ್?”

“ಬಾಯಿಗೆ.”

“ಯಾರ ಬಾಯಿಗೆ?”

“ಮೊದಲು ಮಾಡಮ್ಮ. ಆಮೇಲೆ ಎಲ್ಲರ ಬಾಯಿಗೂ ಆಗುತ್ತೆ.”

ಪಕ್ಕದ ವೈಸಿನಲ್ಲಿ ತುಂಡನ್ನು ಬಿಗಿದು ಉಜ್ಜುತ್ತಿದ್ದ ಹಳೆಯ ಕೆಲಸಗಾರರೊಬ್ಬರು ತಲೆಯೆತ್ತದೆ ಹೇಳಿದರು: “ನಾವೆಲ್ಲ ಕೊಟ್ಟಿದ್ದೀವಿ ತಾಯಿ. ಇಲ್ಲಿ ನಾಲಿಗೆ ಕೊಟ್ಟವರು ಬಾಯಿ ಬಿಡೋ ಹಾಗಿಲ್ಲ.” ಸುತ್ತಲಿದ್ದವರು ನಕ್ಕರು. ಮೇಷ್ಟ್ರು ನಗಲಿಲ್ಲ.

ಈ ಪದ್ಧತಿಯ ಜಾಣತನ ನಿಮಗೆ ಅರ್ಥವಾಯಿತೇ? ಪ್ರತಿಯೊಬ್ಬರೂ ಕಲಿಯುವ ಕಾಲದಲ್ಲೇ ಸ್ವಂತ ಕೈಯಿಂದ ಒಂದು ಸುಳ್ಳನ್ನು ಕಡೆದಿರುತ್ತಾರೆ. ನಾಳೆ ಯಾರದಾದರೂ ಕೈ ಹೋದರೆ, ಯಂತ್ರದ ಬಾಯಲ್ಲಿ ಸಿಗುವುದು ಮಾಲೀಕರ ನಾಲಿಗೆಯಲ್ಲ, ನಮ್ಮದೇ. ಆಗ ನಿಮ್ಮ ವರದಿಯಲ್ಲಿ ‘ಕಾರ್ಮಿಕರ ನಿರ್ಲಕ್ಷ್ಯ’ ಎಂಬ ಎರಡು ಪದ ಬರುತ್ತವೆ. ಆ ಪದಗಳು ನಿಮ್ಮ ಕಚೇರಿಯಲ್ಲಿ ಅಚ್ಚಾಗಿಯೇ ಇರುತ್ತವೆಂದು ಕೇಳಿದ್ದೇನೆ, ಸುಳ್ಳಾದರೆ ತಿದ್ದಿ. ಕಾನೂನನ್ನೂ ನಾನು ಓದಿದ್ದು ಕರಪತ್ರಗಳಲ್ಲೇ. ಅದರಲ್ಲೇನಾದರೂ ತಪ್ಪು ತಿಳಿದಿದ್ದರೆ ಅದನ್ನು ತಿದ್ದುವುದಕ್ಕಾದರೂ ದಯಮಾಡಿ ಬನ್ನಿ.

ಬಂದಿರಿ, ಹೌದು. ಮಳೆಯ ಮುನ್ಸೂಚನೆ ಒಮ್ಮೊಮ್ಮೆ ತಪ್ಪುತ್ತದೆ, ನಿಮ್ಮ ಆಗಮನದ ಮುನ್ಸೂಚನೆ ಎಂದೂ ತಪ್ಪಿಲ್ಲ. ನೀವು ಬರುವ ಮುಂಚೆ ಒಂದು ಫೋನ್ ಬರುತ್ತದೆ. ಸೂಪರ್‌ವೈಸರ್ ಸಾಲು ಸಾಲಾಗಿ ಯಂತ್ರಗಳ ಮುಂದೆ ಓಡುತ್ತಾ “ನಾಲಿಗೆ ಕೀಳ್ರೋ, ನಾಲಿಗೆ ಕೀಳ್ರೋ” ಎನ್ನುತ್ತಾರೆ. ಕಿತ್ತ ನಾಲಿಗೆಗಳನ್ನು ಎಲ್ಲಿ ಬಚ್ಚಿಡುತ್ತಾರೆ ಗೊತ್ತೇ? ಬಚ್ಚಿಡುವುದೇ ಇಲ್ಲ. ತರಬೇತಿ ಕೋಣೆಯಲ್ಲಿ ನಮ್ಮ ಅಭ್ಯಾಸದ ತುಂಡುಗಳನ್ನು ಜೋಡಿಸಿಟ್ಟಿರುವ ಹಸಿರು ಬಟ್ಟೆಯ ಮೇಲೆ ಸಾಲಾಗಿ ಇಡುತ್ತಾರೆ. ಕಳೆದ ಸಲ ಬಂದ ದಿನ ನೀವು ಅಲ್ಲಿಗೆ ಬಂದು ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದಿರಿ.

“ಇದೇನಿದು?”

“ಮಕ್ಕಳ ಅಭ್ಯಾಸದ್ದು ಸರ್,” ಎಂದರು ಮೇಷ್ಟ್ರು.

“ಫಿನಿಶಿಂಗ್ ಬಹಳ ಚೆನ್ನಾಗಿದೆ. ಇಂಥದ್ದನ್ನ ಇನ್ನಷ್ಟು ಮಾಡಿಸಿ.”

ನಿಮ್ಮ ಅಪ್ಪಣೆಯನ್ನು ಇಲ್ಲಿ ಶಿರಸಾವಹಿಸಿ ಪಾಲಿಸಲಾಗುತ್ತಿದೆ.

ಆಮೇಲೆ ನೀವು ಮೀಟಿಂಗ್ ರೂಮಿನಲ್ಲಿ ಟೀ ಕುಡಿಯುತ್ತಿದ್ದಾಗ ಒಂದು ಸದ್ದು ಕೇಳಿಸಿತು. ಕೇಳಿಸದಿರಲು ಸಾಧ್ಯವಿಲ್ಲ, ತರಬೇತಿ ಕೋಣೆಯ ಗಾಜು ಅದುರಿತು. ಟೀ ಕೊಟ್ಟ ಹುಡುಗಿ ಆಮೇಲೆ ಹೇಳಿದ ಪ್ರಕಾರ ನೀವು “ಏನದು?” ಎಂದಿರಿ, ಸೂಪರ್‌ವೈಸರ್ “ಮಾಲು ಇಳಿಸ್ತಿದ್ದಾರೆ ಸರ್” ಎಂದರು, ನೀವು ಬಿಸ್ಕತ್ತು ತೆಗೆದುಕೊಂಡಿರಿ. ಅದು ಮಾಲು ಇಳಿಸಿದ ಸದ್ದಲ್ಲ. ಅಣ್ಣನ ಲೇಥಿನ ಚಕ್ ಹಿಡಿತ ಸಡಿಲಿಸಿ, ತಿರುಗುತ್ತಿದ್ದ ತುಂಡು ಹಾರಿ ಬಾಗಿಲಿಗೆ ಬಡಿದ ಸದ್ದು. ಬಾಗಿಲು ಮುಚ್ಚಿತ್ತು. ಯಾಕೆಂದರೆ ನೀವು ಬಂದಿದ್ದಿರಿ, ನಾಲಿಗೆಗಳೆಲ್ಲ ಹಸಿರು ಬಟ್ಟೆಯ ಮೇಲಿದ್ದವು. ನಿಮ್ಮ ತಪಾಸಣೆ ಎಂಬ ನಾಟಕ ನನ್ನ ಅಣ್ಣನ ಜೀವ ಉಳಿಸಿತು. ಅದಕ್ಕೆ ನಿಮಗೆ ಕೃತಜ್ಞತೆ ಹೇಳಲೇಬೇಕು, ಹೇಳುತ್ತಿದ್ದೇನೆ. ಆದರೆ ಆ ನಾಟಕ ದಿನವೂ ಇರುವುದಿಲ್ಲ.

ನೀವು ಹೋದ ಮೇಲೆ ನಾನು ಹೋಗಿ ನೋಡಿದೆ. ಬಾಗಿಲಿನ ಒಳಮೈಯಲ್ಲಿ ಮುಷ್ಟಿ ಹಿಡಿಸುವಷ್ಟು ತಗ್ಗು ಬಿದ್ದಿತ್ತು. ನಾನು ನಿಂತರೆ ಅದು ನನ್ನ ಗಲ್ಲದ ಮಟ್ಟಕ್ಕೆ. ಅಣ್ಣ ನಿಂತರೆ ಎದೆಯ ಮಟ್ಟಕ್ಕೆ, ಸ್ವಲ್ಪ ಎಡಕ್ಕೆ. ಅಷ್ಟರಲ್ಲಿ ಸೂಪರ್‌ವೈಸರ್ ಬಂದು ಅಣ್ಣನ ಹಳೆಯ ನಾಲಿಗೆಯನ್ನು ಸುತ್ತಿಗೆಯಿಂದ ಬಡಿದು ಮತ್ತೆ ಕೂರಿಸಿದರು. ಪಾಳಿ ಮುಂದುವರಿಯಿತು.

ಆ ಸಂಜೆ ಮನೆಯಲ್ಲಿ ಅಣ್ಣ ಸೋಪಿನ ಪುಡಿ ಹಾಕಿ ಕೈ ತಿಕ್ಕುತ್ತಿದ್ದ. ಕೂಲಂಟಿನ ಹುಳಿವಾಸನೆ ಎಷ್ಟು ತಿಕ್ಕಿದರೂ ಹೋಗುವುದಿಲ್ಲ. ಅಮ್ಮ ಒಳಗೆ ಹೊಲಿಗೆ ಯಂತ್ರ ತುಳಿಯುತ್ತಿದ್ದಳು.

“ಅಣ್ಣ, ಆ ಚಕ್ ರಿಪೇರಿ ಮಾಡಿಸಿದ್ರಾ?”

“ಪ್ರೆಶರ್ ಏರಿಸಿದ್ದಾರೆ.”

“ಏರಿಸಿದ್ದು ನಿಂತಿದೆಯಾ?”

“ಬಂದ್ಳಪ್ಪ ಕರಪತ್ರ. ಮೀಟರಿನ ಮುಳ್ಳು ಒಂದೊಂದು ಸಲ ಇಳಿಯುತ್ತೆ. ಉಸ್ ಅಂತ ಸದ್ದು ಬರುತ್ತೆ. ಬಂದಾಗ ನಾನು ಪಕ್ಕಕ್ಕೆ ಸರೀತೀನಿ.”

“ಸದ್ದು ಬರದೇ ಇದ್ರೆ?”

ಅವನು ನಲ್ಲಿ ಜೋರಾಗಿ ತಿರುಗಿಸಿದ. ಒಳಗೆ ಹೊಲಿಗೆ ಯಂತ್ರ ನಿಂತಿತು. “ಏನ್ರೋ ಅದು ಗುಸುಗುಸು?” ಎಂದಳು ಅಮ್ಮ.

“ಏನಿಲ್ಲಮ್ಮ, ನಿನ್ನ ಮಗಳು ಕ್ರಾಂತಿ ಮಾಡ್ತಾಳಂತೆ. ಮೊದಲು ಪಾತ್ರೆ ತೊಳೆಯೋಕೆ ಹೇಳು.”

ಆ ತಗ್ಗಿನ ವಿಷಯ ಅಮ್ಮನಿಗೆ ಈ ಪತ್ರದಿಂದಲೇ ತಿಳಿಯಲಿದೆ. ಅದರ ಪಾಪ ನಿಮಗೆ ಬೇಡ, ನನಗಿರಲಿ.

ಸುತ್ತಿಗೆಯ ಏಟಿಗೆ ಅಣ್ಣನ ನಾಲಿಗೆ ತಿರುಚಿಕೊಂಡಿತ್ತು. ಅಪ್ರೆಂಟಿಸ್ ಆಗಿದ್ದಾಗ ಅವನೇ ಕಡೆದದ್ದು ಅದು. ಈಗ ಅದುರಿ ಅದುರಿ ಸ್ವಿಚ್ಚಿನಿಂದ ಜಾರುತ್ತದೆ. ಆಗೊಮ್ಮೆ ಈಗೊಮ್ಮೆ ಯಂತ್ರಕ್ಕೆ ಸತ್ಯ ತಿಳಿದು ನಿಂತುಬಿಡುತ್ತದೆ. ಉತ್ಪಾದನೆ ಕುಂಟುತ್ತಿದೆ. ಆದ್ದರಿಂದ ಮೇಷ್ಟ್ರು ಕೊಟ್ಟಿದ್ದ ಆ ಡ್ರಾಯಿಂಗಿನ ನಾಲಿಗೆ ಈಗ ಅಣ್ಣನ ಲೇಥಿಗೇ ಬೇಕು, ಅದನ್ನು ಮಾಡುವ ಸರದಿ ನನ್ನದು. ನಾನು ಎಷ್ಟು ನಿಖರವಾಗಿ ಮಾಡುತ್ತೇನೋ ಅಣ್ಣನ ಯಂತ್ರ ಅಷ್ಟು ಗಟ್ಟಿಯಾಗಿ ಸುಳ್ಳನ್ನು ನಂಬುತ್ತದೆ. ಒಳ್ಳೆಯ ಕೆಲಸ ಕಲಿಯಬೇಕೆಂದು ಬಂದವಳಿಗೆ ಇದಕ್ಕಿಂತ ಒಳ್ಳೆಯ ಪರೀಕ್ಷೆ ಬೇಕೇ?

ನಾನು ಅದನ್ನು ಮಾಡಿದೆ. ಒಂದು ಕೂದಲಿನಷ್ಟು ತೆಳ್ಳಗೆ ಮಾಡಿದೆ. ಇದೂ ಜಾರಲಿ, ಯಂತ್ರ ನಿಲ್ಲುತ್ತಲೇ ಇರಲಿ ಎಂದು. ಮೇಷ್ಟ್ರು ಮೈಕ್ರೋಮೀಟರ್ ಹಿಡಿದರು, ಇನ್ನೊಮ್ಮೆ ಹಿಡಿದರು, ಆಮೇಲೆ ನನ್ನ ಮುಖ ನೋಡಿದರು.

“ಕೈ ತಪ್ಪಿತೋ, ಮನಸ್ಸು ತಪ್ಪಿತೋ?”

“ಅಣ್ಣನ ಮೆಷಿನ್ ಸರ್ ಅದು.”

“ಗೊತ್ತಮ್ಮ. ಅವನಿಗೆ ಕಲಿಸಿದ್ದೂ ನಾನೇ.” ತುಂಡನ್ನು ಡಬ್ಬಿಗೆ ಹಾಕಿದರು. ತುಂಬ ಹೊತ್ತು ಕೈ ಒರೆಸಿಕೊಂಡರು. “ಸೋಮವಾರ ಇನ್ನೊಂದು ಮಾಡು. ಆಗಲ್ಲ ಅಂದ್ರೆ ಅವತ್ತೇ ಹೇಳಿಬಿಡು, ಗೇಟಿನವರೆಗೆ ನಾನೇ ಬಂದು ಬಿಡ್ತೀನಿ.”

ಅವರು ಕೆಟ್ಟವರಲ್ಲ. ಇಲ್ಲಿ ಕೆಟ್ಟವರು ಯಾರೂ ಸಿಗುವುದಿಲ್ಲ, ನನಗಿರುವ ಭಯವೇ ಅದು. ಸೂಪರ್‌ವೈಸರ್ ಮೇಲಿನವರತ್ತ ಕೈ ತೋರಿಸುತ್ತಾರೆ, ಮೇಲಿನವರು ಟಾರ್ಗೆಟ್ಟಿನತ್ತ. ಎಲ್ಲರೂ ತೋರಿಸಿ ಮುಗಿದ ಮೇಲೆ ಉಳಿಯುವುದು ನಿಮ್ಮ ಕಚೇರಿ. ಕಾನೂನು ನಿಮಗೆ ಯಂತ್ರಕ್ಕೆ ಬೀಗ ಜಡಿಯುವ ಅಧಿಕಾರ ಕೊಟ್ಟಿದೆ. ನೀವು ಇದುವರೆಗೆ ಬಳಸಿರುವುದು ಬಿಸ್ಕತ್ತು ತಿನ್ನುವ ಅಧಿಕಾರವನ್ನು ಮಾತ್ರ.

ಸೋಮವಾರ ನಾನು ‘ಆಗಲ್ಲ’ ಎನ್ನುತ್ತೇನೆ. ಇದನ್ನು ಸಾಹಸವೆಂದು ಯಾರೂ ಹೊಗಳಬೇಕಾಗಿಲ್ಲ. ನನ್ನ ಇನ್ನೊಂದು ಪಕ್ಕದ ವೈಸಿನ ಹೊಸ ಹುಡುಗನ ಕೈ ನನ್ನದಕ್ಕಿಂತ ಚುರುಕು. ಊಟದ ಬೆಲ್ಲಿನೊಳಗೆ ಅವನು ಮಾಡಿ ಮುಗಿಸುತ್ತಾನೆ. ನಾನು ಗೇಟಿನ ಹೊರಗೆ ಶುದ್ಧಹಸ್ತಳಾಗಿ ನಿಂತಿರುತ್ತೇನೆ, ಒಳಗೆ ಅಣ್ಣ ತೆರೆದ ಬಾಗಿಲ ಮುಂದೆ ನಿಂತಿರುತ್ತಾನೆ. ನನ್ನ ಶುದ್ಧ ಕೈಗಳಿಂದ ಅವನಿಗೇನು ಉಪಯೋಗ?

ಆದ್ದರಿಂದ ಒತ್ತಾಯಿಸುತ್ತೇನೆ. ಸೋಮವಾರ ಬನ್ನಿ. ಫೋನ್ ಮಾಡಬೇಡಿ, ಮಾಡಲು ಬಿಡಲೂ ಬೇಡಿ. ಮೀಟಿಂಗ್ ರೂಮಿಗೆ ಹೋಗಬೇಡಿ. ತಿರುಗುತ್ತಿರುವ ಯಾವ ಲೇಥಿನ ಬಾಗಿಲನ್ನಾದರೂ, ನೀವು ಬದಿಗೆ ನಿಂತು, ತೆರೆಸಿ ನೋಡಿ. ಯಂತ್ರ ನಿಲ್ಲಬೇಕು. ನಿಲ್ಲದಿದ್ದರೆ ಬೀಗ ಹಾಕಿ. ಆ ಚಕ್ ರಿಪೇರಿಯಾಗಿ, ಕಿಟಕಿಗಳಿಂದ ಒಳಗಿನದು ಕಾಣುವವರೆಗೆ ಯಾರ ಒತ್ತಡಕ್ಕೂ ತೆಗೆಯಬೇಡಿ. ಇದಕ್ಕೆ ಸಮಿತಿ ಬೇಡ, ಸುತ್ತೋಲೆ ಬೇಡ, ಒಂದು ಕೈ ಸಾಕು. ಅಧಿಕಾರ ಇದ್ದವರ ಕೈ.

ನಮ್ಮ ಮನೆಯಲ್ಲಿ ಹೊರಗೆ ಹೊರಟವರು ‘ಹೋಗ್ತೀನಿ’ ಎನ್ನಬಾರದು. ಬಾಯಿ ತಪ್ಪಿ ಅಂದರೆ ಅಮ್ಮ ಬಾಗಿಲಲ್ಲೇ ತಡೆದು ನಿಲ್ಲಿಸಿ, ಸರಿಯಾಗಿ ಹೇಳಿಸಿಯೇ ಕಳಿಸುತ್ತಾಳೆ. ಸೋಮವಾರ ಬೆಳಗ್ಗೆಯೂ ಅಣ್ಣ ಚಪ್ಪಲಿ ಮೆಟ್ಟುತ್ತಾ ‘ಹೋಗಿ ಬರ್ತೀನಮ್ಮ’ ಎನ್ನುತ್ತಾನೆ. ಹೋಗುವ ಕೆಲಸವನ್ನು ಅವನು ಮಾಡುತ್ತಾನೆ. ಬರುವುದು ನಿಮ್ಮ ಕೈಯಲ್ಲಿದೆ.

ಇಂತಿ,
ತನ್ನ ಮಾತು ಸುಳ್ಳಾಗಲಿ ಎಂದು ಜೀವನದಲ್ಲಿ ಮೊದಲ ಸಲ ಬೇಡಿಕೊಳ್ಳುತ್ತಿರುವ
ಒಬ್ಬ ತಂಗಿ