ದೂರು ಹೇಳಿದವರೇ ಅಧ್ಯಕ್ಷರು

ಹೊಂಗೆ ಬಡಾವಣೆ, ಮೂರನೇ ಅಡ್ಡರಸ್ತೆ
ದಾವಣಗೆರೆ
ಕ್ರಿ.ಶ. 2214, ಧಗೆ ತಿಂಗಳು, ಮೂವತ್ತೇಳನೇ ತಾರೀಖು

ಮಾನ್ಯ ವಾರಿಜಾಕ್ಷಿ ಮೇಡಂ ಅವರಿಗೆ, ತಾವು ಕಟ್ಟಿದ ನಿವಾಸಿಗಳ ಸಂಘದ ಇಪ್ಪತ್ತೊಂಬತ್ತನೇ ಅಧ್ಯಕ್ಷ ತಿಪ್ಪೇಶ ಮಾಡುವ ನಮಸ್ಕಾರಗಳು.

ತಾರೀಖು ನೋಡಿ ಯಾರೋ ತಮಾಷೆ ಮಾಡಿದ್ದಾರೆ ಎಂದುಕೊಳ್ಳಬೇಡಿ. ಏಪ್ರಿಲ್ ಮತ್ತು ಮೇ ನಡುವೆ ನಮಗೆ ಇನ್ನೊಂದು ತಿಂಗಳು ಇದೆ. ಬಿಸಿಲು ಇಳಿಯುವ ತನಕ ಅದು ಮುಗಿಯುವುದಿಲ್ಲ, ಹಾಗಾಗಿ ಕೆಲವು ವರ್ಷ ಐವತ್ತನೇ ತಾರೀಖಿನವರೆಗೂ ಹೋಗುತ್ತದೆ. ನನ್ನ ಕನ್ನಡ ವಿಚಿತ್ರ ಎನಿಸಿದರೆ ಕ್ಷಮಿಸಿ. ನಿಮ್ಮ ನಡಾವಳಿ ಪುಸ್ತಕವನ್ನು ಓದಿ ಓದಿ ನಿಮ್ಮ ಕಾಲದ ಬರವಣಿಗೆ ಕಲಿತಿದ್ದೇನೆ, ಅದರಲ್ಲಿ ಇರುವುದೋ ಬರೀ ಮೋರಿ ಮತ್ತು ನಾಯಿಯ ವಿಚಾರ.

ಈ ಕಾಗದ ನಿಮಗೆ ಹಿಂದಂಚೆಯಲ್ಲಿ ಬಂದಿದೆ. ಹಿಂದಂಚೆ ಎಂದರೆ ಕಳೆದ ಕಾಲಕ್ಕೆ ಹೋಗುವ ಅಂಚೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ ಕಾಗದ. ಜನ ಸಾಮಾನ್ಯವಾಗಿ ತಮ್ಮವರು ಬದುಕಿದ್ದ ದಿನಗಳಿಗೆ ಬರೆಯುತ್ತಾರೆ. ನನ್ನ ಹೆಂಡತಿ ಅವಳ ಅಣ್ಣನಿಗೆ ಬರೆದಳು. ನಾನು ನಮ್ಮ ಅವ್ವನಿಗೆ ಬರೆಯಲೆಂದು ಹತ್ತು ವರ್ಷದಿಂದ ಮಾತು ಕೂಡಿಸಿಟ್ಟಿದ್ದೆ. ಆ ಒಂದು ಕಾಗದವನ್ನು ಈಗ ನಿಮಗೆ ಬರೆಯುತ್ತಿದ್ದೇನೆ, ಮುಖ ಕೂಡ ನೋಡಿರದ ನಿಮಗೆ, ಅದೂ ಸಂಘದ ವಿಚಾರಕ್ಕೆ. ನನ್ನ ಗತಿ ಏನಾಗಿದೆ ಎಂದು ನೀವೇ ಯೋಚಿಸಿ.

ಬರುವ ಭಾನುವಾರ ನೀವು ಸಭೆ ಕರೆದಿದ್ದೀರಿ. ಆ ದಿನ ಪುಸ್ತಕದಲ್ಲಿ ಒಂದು ಸಾಲು ಬರೆಯುತ್ತೀರಿ: ದೂರು ಹೇಳಿದವರೇ ಮುಂದಿನ ಅಧ್ಯಕ್ಷರು. ಪೆನ್ನು ಎಷ್ಟು ಒತ್ತಿದ್ದೀರೆಂದರೆ ಹಾಳೆ ಅಲ್ಲಿ ಹರಿದಿದೆ. ನಿಮ್ಮ ಸಿಟ್ಟು ನನಗೆ ಅರ್ಥವಾಗುತ್ತದೆ. ಹಿಂದಿನ ಪುಟಗಳಲ್ಲಿ ಒಂದೇ ವರ್ಷದ ನಲವತ್ತೊಂದು ದೂರುಗಳಿವೆ. ಪಕ್ಕದ ಮನೆಯ ಕುಂಬಳಬಳ್ಳಿ ಕಾಂಪೌಂಡು ಹತ್ತಿತು ಎಂಬುದಕ್ಕೂ ನಿಮ್ಮನ್ನೇ ಕರೆದಿದ್ದಾರೆ. ಮೋರಿ ಶುಚಿ ಮಾಡುವ ದಿನ ಮಾತ್ರ ಬಂದವರು ಮೂವರು, ಅದರಲ್ಲಿ ಒಬ್ಬರು ನಿಮ್ಮ ಯಜಮಾನರು. ನಿಮ್ಮ ಜಾಗದಲ್ಲಿ ನಾನಿದ್ದರೂ ಅದೇ ಬರೆಯುತ್ತಿದ್ದೆ.

ಆದರೆ ಆ ಸಾಲು ಏನು ಮಾಡಿತು ಗೊತ್ತೇ? ನಮ್ಮ ಬೀದಿಯಲ್ಲಿ ಈಗ ಯಾರೂ ದೂರು ಹೇಳುವುದಿಲ್ಲ. ಮೂಲೆಯ ನಲ್ಲಿ ಎಂಟು ವರ್ಷದಿಂದ ಸೋರುತ್ತಿದೆ, ಕೆಳಗೆ ಬಸಳೆ ಹಾಕಿಕೊಂಡಿದ್ದಾರೆ. ಹನ್ನೆರಡನೇ ಮನೆಯ ಮುಂದಿನ ಚಪ್ಪಡಿ ಕುಸಿದಿದೆ, ಆ ಮನೆಯವರು ಹಿತ್ತಲ ಬಾಗಿಲಿನಿಂದ ಓಡಾಡುತ್ತಾರೆ. ಎದುರು ಸಿಕ್ಕರೆ ಎಲ್ಲ ಚೆನ್ನಾಗಿದೆ ಸಾರ್ ಎಂದು ನಗುತ್ತಾರೆ. ನಿಯಮ ತಿದ್ದೋಣವೆಂದರೆ ಅದು ಸರಿಯಿಲ್ಲ ಎಂದು ನನ್ನ ಜೊತೆ ಇನ್ನೊಬ್ಬರಾದರೂ ಹೇಳಬೇಕು, ಅದೂ ದೂರೇ ಆಗುತ್ತದೆ. ಸಭೆಗೆ ಮಾತ್ರ ತಪ್ಪದೆ ಬರುತ್ತಾರೆ, ಮಂಡಕ್ಕಿ ಮೆಣಸಿನಕಾಯಿ ಇರುತ್ತದಲ್ಲ. ಇಪ್ಪತ್ತೆರಡು ವರ್ಷದ ಹಿಂದೆ ಈ ಬೀದಿಗೆ ಹೊಸಬನಾಗಿ ಬಂದಿದ್ದ ನಾನು ಮಂಡಕ್ಕಿಗೆ ಉಪ್ಪು ಕಡಿಮೆಯಾಯಿತು ಎಂದೆ. ಸಭೆಯಲ್ಲಿ ಚಪ್ಪಾಳೆ ಬಿತ್ತು. ಅವತ್ತಿನಿಂದ ನಾನೇ ಅಧ್ಯಕ್ಷ.

ಈಗ ಬೀದಿಗೊಡೆಯ ಸಂಗತಿ ಹೇಳಬೇಕು. ಧಗೆ ತಿಂಗಳಲ್ಲಿ ಬರಿಬಿಸಿಲಿಗೆ ಹೊರಗೆ ಬರುವಂತಿಲ್ಲ, ಆದ್ದರಿಂದ ಬೀದಿಯ ಉದ್ದಕ್ಕೂ ಒಂದು ದಪ್ಪ ಬಟ್ಟೆಯನ್ನು ಹತ್ತು ಕಂಬಗಳ ಮೇಲೆ ಎಳೆದು ಕಟ್ಟುತ್ತೇವೆ. ಅದಕ್ಕೇ ಬೀದಿಗೊಡೆ ಎನ್ನುವುದು. ಬೆಳಿಗ್ಗೆ ಆರಕ್ಕೆ ಮನೆಗೊಬ್ಬರು ಬಂದು ಹಗ್ಗ ಎಳೆಯುತ್ತಾರೆ. ಆಮೇಲೆ ಅದರ ನೆರಳಲ್ಲೇ ತರಕಾರಿ ಮಾರುತ್ತಾರೆ, ಕ್ಷೌರ ಮಾಡಿಸಿಕೊಳ್ಳುತ್ತಾರೆ, ಹಪ್ಪಳ ಒಣಗಿಸಲು ಮಾತ್ರ ತುದಿಗೆ ಹೋಗುತ್ತಾರೆ. ಈ ಸಲ ಏಳನೇ ಕಂಬದ ಹಗ್ಗ ಸವೆಯುತ್ತಾ ಬಂತು. ಯಾರೂ ಏನೂ ಹೇಳಲಿಲ್ಲ. ತರಕಾರಿ ಬುಟ್ಟಿಗಳು ಒಂದೊಂದಾಗಿ ಆರನೇ ಕಂಬದ ಕಡೆ ಸರಿದವು. ಕ್ಷೌರದ ಕುರ್ಚಿ ಎಂಟನೆಯದರ ಕಡೆ ಹೋಯಿತು. ಏಳನೇ ಕಂಬದ ಕೆಳಗೆ ಜಾಗ ಖಾಲಿಯಾಯಿತು.

ಕಳೆದ ಮಂಗಳವಾರ ಬೆಳಿಗ್ಗೆ ಎಳೆಯುವಾಗಲೇ ಆ ಹಗ್ಗ ಹರಿಯಿತು. ಬಟ್ಟೆಯ ಜೊತೆ ಮೇಲಿನ ಕಬ್ಬಿಣದ ಅಡ್ಡಕೊಳವೆಯೂ ಕಳಚಿ, ತಮ್ಮ ಮನೆಯ ಪಾಲಿಗೆ ಹಗ್ಗ ಎಳೆಯಲು ಬಂದಿದ್ದ ಹಾಲಮ್ಮಜ್ಜಿಯ ಬಲಗೈ ಮೇಲೆ ಬಿತ್ತು. ಹಾಲಮ್ಮಜ್ಜಿ ನಮ್ಮ ಎದುರು ಮನೆಯವರು, ಒಂಟಿ ಜೀವ, ನನ್ನ ಮಕ್ಕಳಿಬ್ಬರಿಗೂ ಎಣ್ಣೆನೀರು ಹಾಕಿ ಬೆಳೆಸಿದವರು. ಕೈ ಇನ್ನು ಭುಜದಿಂದ ಮೇಲೆ ಏಳುವುದಿಲ್ಲ, ತಲೆ ಬಾಚಿಕೊಳ್ಳಲು ಆಗುವುದಿಲ್ಲ ಎಂದು ಡಾಕ್ಟರು ಹೇಳಿದ್ದಾರೆ. ಆಸ್ಪತ್ರೆಗೆ ಹೋದವನು ಮೊದಲು ಅವರನ್ನೇ ಗದರಿಸಿದೆ, ಹಗ್ಗ ಸವೆದದ್ದು ಕಾಣಲಿಲ್ಲವೇ, ನನಗೊಂದು ಮಾತು ಹೇಳಬಾರದಿತ್ತೇ ಎಂದು. ಅವರು ನಿಧಾನವಾಗಿ ನನ್ನ ಕಡೆ ತಿರುಗಿದರು.

"ಕಂಡಿತ್ತು ಕಣಪ್ಪ. ಹೇಳಿದ್ರೆ ಆ ಪುಸ್ತಕ ನನ್ನ ಕೊರಳಿಗೆ ಕಟ್ತಿದ್ರಲ್ಲ, ಈ ವಯಸ್ಸಲ್ಲಿ. ಅದಿರಲಿ, ನೀನೂ ನೋಡಿದ್ದೆ ಅಲ್ವಾ?"

ನಾನು ನೋಡಿದ್ದೆ, ಮೇಡಂ. ಎಲ್ಲರಿಗಿಂತ ಮೊದಲು ನಾನೇ ನೋಡಿದ್ದೆ. ಹೊಸ ಹಗ್ಗ ತಂದು ಮನೆಯಲ್ಲಿ ಇಟ್ಟುಕೊಂಡಿದ್ದೆ. ಯಾರಾದರೂ ಬಂದು ದೂರು ಹೇಳಲಿ, ಆ ಕ್ಷಣವೇ ಪುಸ್ತಕ ಅವರ ಕೈಗಿಟ್ಟು ಹಗ್ಗ ಬದಲಾಯಿಸಿ ಬಿಡುಗಡೆಯಾಗೋಣ ಎಂದು ದಿನಾ ಬೆಳಿಗ್ಗೆ ಬಾಗಿಲಲ್ಲಿ ನಿಂತು ಕಾಯುತ್ತಿದ್ದೆ. ಮೂವತ್ತು ದಿನ ಕಾದೆ. ಜನರ ಮೇಲೆ ಇಷ್ಟು ವರ್ಷ ಉರಿದುಬಿದ್ದವನು ನಾನು, ಈಗ ಯಾರ ಮೇಲೆ ಉರಿದುಬೀಳಲಿ?

ನನ್ನ ಕೋರಿಕೆ ಇಷ್ಟೇ. ಭಾನುವಾರ ನಿಮಗೆ ಸಿಟ್ಟು ಬರುತ್ತದೆ, ಬರಲಿ. ಬಯ್ಯಿರಿ, ಬಾಗಿಲು ದಡಾರನೆ ಹಾಕಿಕೊಂಡು ಮನೆಗೆ ಹೋಗಿ. ಆ ಸಾಲು ಮಾತ್ರ ಬರೆಯಬೇಡಿ. ಏನಾದರೂ ಬರೆಯಲೇಬೇಕು ಎನಿಸಿದರೆ, ದೂರು ಹೇಳಿದವರ ಜೊತೆ ಇನ್ನಿಬ್ಬರು ಹೋಗಿ ನೋಡಿಕೊಂಡು ಬರಲಿ ಎಂದು ಬರೆಯಿರಿ. ಅಷ್ಟಾದರೆ ಏಳನೇ ಕಂಬದ ಕೆಳಗೆ ಯಾರಾದರೂ ಮೂವರು ನಿಂತು ಮೇಲೆ ನೋಡುತ್ತಾರೆ. ಹಾಲಮ್ಮಜ್ಜಿ ತಮ್ಮ ತಲೆ ತಾವೇ ಬಾಚಿಕೊಳ್ಳುತ್ತಾರೆ. ನಾನು ಮಂಡಕ್ಕಿಗೆ ಉಪ್ಪು ಕಡಿಮೆ ಎಂದು ಹೇಳಿ, ಕೈ ಒರೆಸಿಕೊಂಡು, ಸುಮ್ಮನೆ ಮನೆಗೆ ಹೋಗುತ್ತೇನೆ. ಈ ಕಾಗದ ಬರೆಯುವ ಕಾರಣವೇ ಇರುವುದಿಲ್ಲ, ನನ್ನ ಪಾಲಿನ ಆ ಒಂದು ಕಾಗದ ಹಾಗೇ ಉಳಿದಿರುತ್ತದೆ.

ಅದನ್ನು ಅವ್ವನಿಗೆ ಬರೆಯುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ತಿಪ್ಪೇಶ