ಮೂರನೆಯ ಸೀಟು

ದೇರ್ ಸಿಂದ್ಯಾನ್, ಲೆಬನಾನ್
೨೨ ಮೇ ೧೯೯೮

ಪ್ರೀತಿಯ ನಜೀಹಾ,

ಇಪ್ಪತ್ತಾರು ವರ್ಷಗಳ ಮೇಲೆ ನನ್ನ ಅಕ್ಷರ ನೋಡುತ್ತಿದ್ದೀಯೆ. ಹರಿದು ಹಾಕಬೇಡ, ಕೊನೆಯವರೆಗೂ ಓದು.

ಊರ ಶಾಲೆಯವರು ನಮ್ಮ ಕ್ಷೇತ್ರದ ಚರಿತ್ರೆ ಬರೆಯಲು ನನಗೆ ಹೇಳಿದ್ದಾರೆ. ಕ್ಷೇತ್ರ ಒಂದು, ಸಂಸತ್ತಿನ ಸೀಟು ಮೂರು: ಎರಡು ನಮ್ಮ ಮಾರೋನೈಟ್ ಕ್ರೈಸ್ತರಿಗೆ, ಒಂದು ನಿಮ್ಮ ದ್ರೂಜ್ ಪಂಗಡಕ್ಕೆ. ಓಟು ಮಾತ್ರ ಮೂರಕ್ಕೂ ಎಲ್ಲರದು. ಅರವತ್ತು, ಅರವತ್ತನಾಲ್ಕು, ಅರವತ್ತೆಂಟು, ಮೂರು ಸಲವೂ ಮೂರನೆಯ ಸೀಟು ನಿನ್ನ ತಂದೆ ಶೇಖ್ ಶಾಹೀನರದೇ. ಊರಿಗೆ ರಸ್ತೆ, ನಲ್ಲಿನೀರು ಬಂದದ್ದು ಅವರಿಂದ. ಎಪ್ಪತ್ತೆರಡರಲ್ಲಿ ಮೂವತ್ತೆಂಟು ಓಟಿನಿಂದ ಸೋತರು. ಆಮೇಲೆ ಯುದ್ಧ ಬಂತು, ಚುನಾವಣೆಯೇ ನಡೆಯಲಿಲ್ಲ; ಗೆದ್ದಾತ ಇಪ್ಪತ್ತು ವರ್ಷ ಆ ಕುರ್ಚಿ ಬಿಟ್ಟೇಳಲಿಲ್ಲ. ಇಷ್ಟು ಬರೆಯುವಷ್ಟರಲ್ಲಿ ನನ್ನ ಕೈ ನಿಂತುಹೋಯಿತು.

ಆಗೆಲ್ಲ ಹೆಸರು ಅಚ್ಚಾದ ಓಟಿನ ಚೀಟಿಯನ್ನು ಅಭ್ಯರ್ಥಿಯ ಕಡೆಯವರೇ ಮಡಚಿ ಹಂಚುತ್ತಿದ್ದರು, ಗೆರೆ ಎಳೆದ ಹೆಸರಿಗೆ ಓಟಿಲ್ಲ; ನೆನಪಿದೆಯಲ್ಲ. ಅಂದು ನಿಮ್ಮವರ ಮತಪೆಟ್ಟಿಗೆಯಲ್ಲೇ ಶೇಖರ ಹೆಸರಿಗೆ ಗೆರೆ ಎಳೆದ ಚೀಟಿಗಳು ಸಿಕ್ಕವು. ಹಂಚಿದವನು ನಿನ್ನ ಚಿಕ್ಕಪ್ಪನ ಮಗ ಮುಹೀಬ್, ನಿಮ್ಮ ವಾಡಿಕೆಯಂತೆ ನಿನ್ನನ್ನು ಮದುವೆಯಾಗಬೇಕಿದ್ದವನು. "ದೊಡ್ಡಪ್ಪಾ, ತನ್ನೂಸ್ ಮಾವ ಮಡಚಿ ಕೊಟ್ಟಿದ್ದನ್ನ ಹಾಗೇ ಹಂಚ್ದೆ. ಬಿಚ್ಚಿ ನೋಡ್ಲಿಲ್ಲ" ಎಂದು ನಿಮ್ಮ ಅಂಗಳದಲ್ಲಿ ನಿಂತು ಅತ್ತ. ಶೇಖರ ಚುನಾವಣೆ ಕೆಲಸ ನೋಡುತ್ತಿದ್ದ ನನ್ನ ಅಪ್ಪ ತನ್ನೂಸ್ ಅಲ್ಲೇ ಇದ್ದ. "ನಮ್ಮನೆಯಿಂದ ಹೋದಾಗ ಚೀಟಿ ಸರಿಯಾಗೇ ಇತ್ತಪ್ಪಾ" ಎಂದ. ಎಲ್ಲರೂ ಅಪ್ಪನನ್ನು ನಂಬಿದರು. ನಿನ್ನ ತಾಯಿ "ಉಂಡ ಮನೆಗೇ ಎರಡು ಬಗೆದೆಯಲ್ಲೋ" ಎಂದು ಅವನ ಉಂಗುರ ಎಸೆದರು. ತಿಂಗಳೊಳಗೆ ಅವನು ವೆನೆಜುವೆಲಾಕ್ಕೆ ಹೋದ. ನೀನು ಮತ್ತೆ ಯಾರನ್ನೂ ಒಪ್ಪಲಿಲ್ಲ.

ನಜೀಹಾ, ಮುಹೀಬ್ ಹೇಳಿದ್ದೇ ನಿಜ.

ಅಣ್ಣ ಮಿಲ್ಹಿಮ್‌ಗೆ ಸುಂಕದ ಕಚೇರಿಯಲ್ಲಿ ಕೆಲಸ ಕೊಡಿಸುತ್ತೇನೆಂದು ಶೇಖರು ಎರಡು ಚುನಾವಣೆ ದಾಟಿಸಿದ್ದರು. ಓಟಿನ ಹಿಂದಿನ ಮಧ್ಯಾಹ್ನ ಅಪ್ಪ ಮೇಜಿನ ಮೇಲಿದ್ದ ಆಲಿವ್ ತಟ್ಟೆ ಸರಿಸಿ, ಪೆನ್ಸಿಲ್ ಹಿಡಿದು ಕುಳಿತ. "ಗೆಲ್ತಾರೆ ಬಿಡು. ನಾಲ್ಕು ಓಟು ಕಮ್ಮಿ ಬಿದ್ರೆ ನಮ್ಮ ಬಾಗಿಲು ನೆನಪಾಗುತ್ತೆ" ಎಂದ. ಮಡಚು ಎಂದ, ಮಡಚಿದೆ. ಶೇಖರು ಸೋತ ದಿನ ಅಪ್ಪ ಊಟ ಮುಟ್ಟಲಿಲ್ಲ. ಆದರೆ ಸಾಯುವವರೆಗೂ ಬಾಯಿ ಬಿಡಲಿಲ್ಲ. ನಾನೂ ಬಿಡಲಿಲ್ಲ.

ಈಗ ಪುಸ್ತಿಕೆಯಲ್ಲಿ ಅಪ್ಪನ ಹೆಸರು ಬರೆದಿದ್ದೇನೆ. ಅಣ್ಣ ಬಂದು "ಸತ್ತೋರ ಮಾನ ಯಾಕೆ ಕಳೀತೀಯೇ?" ಎಂದು ಕೂಗಾಡಿದ. "ಮುಹೀಬ್ ಇನ್ನೂ ಬದುಕಿದಾನಲ್ಲಣ್ಣ" ಎಂದೆ. ಎದ್ದುಹೋದ. ಅಚ್ಚಾದ ಕೂಡಲೇ ಮುಹೀಬನಿಗೂ ಒಂದು ಪ್ರತಿ ಕಳಿಸುತ್ತೇನೆ. ಅದಕ್ಕೆ ಮೊದಲು ನಿನಗೆ ನನ್ನಿಂದಲೇ ತಿಳಿಯಬೇಕಿತ್ತು.

ಕ್ಷಮಿಸು ಎನ್ನಲು ನನಗೆ ಮುಖವಿಲ್ಲ.

ಒಂದು ಕಾಲದ ನಿನ್ನ ಗೆಳತಿ,
ಅಫೀಫೆ

ತಾ.ಕ.: ಮೇಲೆ ಬರೆದದ್ದೂ ಪೂರ್ತಿ ನಿಜವಲ್ಲ. ಅಪ್ಪ ಇಪ್ಪತ್ತು ಚೀಟಿಗೆ ಗೆರೆ ಎಳೆದು "ಸಾಕು, ಇಷ್ಟೇ" ಎಂದು ಎದ್ದುಹೋದ. ಅಷ್ಟೇ ಆಗಿದ್ದರೆ ಶೇಖರು ಗೆಲ್ಲುತ್ತಿದ್ದರು. ಇನ್ನೂ ಅರವತ್ತಕ್ಕೆ ಎಳೆದವಳು ನಾನು. ಹನ್ನೆರಡು ವರ್ಷ ನಿಮ್ಮ ಮನೆಯಲ್ಲಿ ಆಡಿ ಬೆಳೆದರೂ ನಿನ್ನ ತಂದೆಗೆ ನಾನು "ತನ್ನೂಸನ ಹುಡುಗಿ". ಒಮ್ಮೆಯೂ ಹೆಸರು ಹಿಡಿದು ಕರೆಯಲಿಲ್ಲ. ಅಷ್ಟಕ್ಕೇ ನಜೀಹಾ, ಅಷ್ಟಕ್ಕೇ. ನಾಳೆ ಅಚ್ಚಿನವರ ಬಳಿ ಹೋಗಿ ನನ್ನ ಹೆಸರನ್ನೂ ಸೇರಿಸಿ ಬರುತ್ತೇನೆ.